ಅದು ಎದ್ದೇಳುವಷ್ಟರಲ್ಲಿ

ಆ ಮನೆಯ ಲ್ಯಾಪ್‌ಟಾಪ್ ಎದ್ದೇಳುವುದನ್ನು ಒಮ್ಮೆ ನೋಡಿದವರಿಗೆ ತಾಳ್ಮೆ ಎಂದರೇನೆಂದು ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗುಂಡಿ ಒತ್ತಿದರೆ ಮೊದಲು ಒಂದು ನಿಟ್ಟುಸಿರು, ಆಮೇಲೆ ಫ್ಯಾನಿನ ಗೊರಗೊರ, ಆಮೇಲೆ ಕಪ್ಪು ಪರದೆಯ ಮೇಲೆ ಸುತ್ತಿದ್ದೇ ಸುತ್ತಿದ್ದು ಒಂದು ಉಂಗುರ. ಅದು ಕಣ್ಣು ಬಿಡುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ, ಒಲೆ ಒರೆಸಿಯೂ ಆಗಿರುತ್ತಿತ್ತು.

ಇಂಥ ಸೋಮಾರಿಯನ್ನು ದರ್ಜಿ ಕೆಲಸ ಮಾಡುವ ತಂಗಿ ಮನೆಯಲ್ಲಿಟ್ಟುಕೊಂಡಿದ್ದು ಅಕ್ಕನಿಗಾಗಿ. ಅಕ್ಕ ಒಂದು ಲಾರಿ ಕಂಪನಿಯ ಕಚೇರಿಯಲ್ಲಿ ಬಿಲ್ಲು ಟೈಪು ಮಾಡುತ್ತಿದ್ದವಳು. ತಾಯಿ ತೀರಿಕೊಂಡಾಗ ತಂಗಿ ಇನ್ನೂ ಐದನೇ ಕ್ಲಾಸಿನ ಹುಡುಗಿ. ಅವಳನ್ನು ಒಬ್ಬಳೇ ಬಿಡಲಾಗದೆ ಅಕ್ಕ ಬೆಳಿಗ್ಗೆ ಕಚೇರಿಗೇ ಕರೆದುಕೊಂಡು ಹೋಗಿ, ಅಲ್ಲಿಂದ ಶಾಲೆಗೆ ಕಳಿಸುತ್ತಿದ್ದಳು. ಆ ಕಾಲದ ಕಂಪ್ಯೂಟರು ಕೂಡ ಬೇಗ ಏಳುವ ಜಾತಿಯದಲ್ಲ. ಅಕ್ಕ ಗುಂಡಿ ಒತ್ತಿ, ಚೀಲದಿಂದ ಬಾಚಣಿಗೆ ತೆಗೆದು, "ಬಾ ಗುಬ್ಬಿ, ಇದು ಎದ್ದೇಳೋ ಅಷ್ಟ್ರಲ್ಲಿ ಜಡೆ ಹಾಕ್ಬಿಡ್ತೀನಿ" ಅನ್ನುತ್ತಿದ್ದಳು. ಗುಬ್ಬಿ ಅವಳ ಕುರ್ಚಿಯ ಮುಂದೆ ನೆಲದ ಮೇಲೆ ಕೂರುತ್ತಿದ್ದಳು.

ಈಗ ಗುಬ್ಬಿಗೆ ನಲವತ್ತೈದು ದಾಟಿದೆ, ಅಕ್ಕನಿಗೆ ಮರೆವಿನ ಕಾಯಿಲೆ. ಮೊದಲು ಬೀಗದ ಕೈ ಮರೆತಳು, ಆಮೇಲೆ ವಾರ, ಆಮೇಲೆ ತೆರೆದ ನಲ್ಲಿ. ಕೊನೆಗೆ ತಂಗಿಯನ್ನೇ ಮರೆತಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳನ್ನು "ನೀವು, ತಾವು" ಎಂದು ಮಾತಾಡಿಸುತ್ತಾಳೆ. ತುತ್ತು ಬಾಯಿಗಿಟ್ಟರೆ "ನಿಮಗೆ ಯಾಕಮ್ಮ ತೊಂದರೆ" ಅನ್ನುತ್ತಾಳೆ. ಸಾಕಿ ಬೆಳೆಸಿದವಳ ಬಾಯಿಂದ ಆ ಬಹುವಚನ ಕೇಳುವುದು ಯಾವ ಬೈಗುಳಕ್ಕಿಂತಲೂ ಕಷ್ಟ.

ಆದರೆ ಊಟವಾದ ಮೇಲೆ ಅಕ್ಕ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದಳು. ಗುಂಡಿ ಒತ್ತುತ್ತಿದ್ದಳು. ಉಂಗುರ ಸುತ್ತತೊಡಗಿದ ಸ್ವಲ್ಪ ಹೊತ್ತಿಗೆ ಹಿಂದೆ ತಿರುಗಿ, "ಗುಬ್ಬಿ, ಎಲ್ಲಿದ್ದೀಯೇ? ತಲೆ ನೋಡು, ಒಳ್ಳೆ ಪೊರಕೆ ಆಗಿದೆ" ಅನ್ನುತ್ತಿದ್ದಳು. ತಂಗಿ ಕೈಲಿದ್ದ ಬಟ್ಟೆಯನ್ನು ಹಾಗೇ ಬಿಸಾಕಿ ಬಂದು ನೆಲದ ಮೇಲೆ ಕೂರುತ್ತಿದ್ದಳು. ಅಕ್ಕ ಜಡೆ ಹಾಕುತ್ತಾ, ಬೈಯುತ್ತಾ, ಹೋಂವರ್ಕ್ ಕೇಳುತ್ತಿದ್ದಳು. ಯಂತ್ರ ಎದ್ದ ಕೂಡಲೇ ಇಸ್ಪೀಟಿನ ಆಟ ತೆರೆದು ಅದರಲ್ಲಿ ಮುಳುಗಿಬಿಡುತ್ತಿದ್ದಳು. ಸಂಜೆಗೆ ಮತ್ತೆ "ನೀವು".

ಹಾಗಾಗಿ ಮಧ್ಯಾಹ್ನದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಇದ್ದ ಹೊಲಿಗೆ ಅಂಗಡಿಗೆ ಬಂದವರಿಗೆ ಅರ್ಧ ನರೆತ ತಲೆಯಲ್ಲಿ ಎರಡು ಜಡೆ ಇಳಿಬಿಟ್ಟ ದರ್ಜಿ ಕಾಣುತ್ತಿದ್ದಳು. ಲಂಗದ ಜಿಪ್ ಹಾಕಿಸಲು ಬಂದ ಟೀಚರೊಬ್ಬರು, "ಏನಮ್ಮ, ಯಾವ ಕ್ಲಾಸು ನೀನು?" ಎಂದು ಕಿಚಾಯಿಸಿದ್ದರು.

"ಐದನೇ ಕ್ಲಾಸು ಟೀಚರ್. ಪಾಸಾಗೋ ಆಸೇನೂ ಇಲ್ಲ" ಎಂದು ತಂಗಿ ನಕ್ಕಿದ್ದಳು.

ಅಂಥದ್ದರಲ್ಲಿ ಯಂತ್ರವೇ ಕೈಕೊಡಲು ಶುರುಮಾಡಿತು. ಒಂದು ದಿನ ಉಂಗುರ ಸುತ್ತುವುದನ್ನೇ ನಿಲ್ಲಿಸಿತು. ಅಕ್ಕ ಜಡೆ ಹಾಕಿ ಮುಗಿಸಿದಳು, ಬಿಚ್ಚಿ ಮತ್ತೆ ಹಾಕಿದಳು, ಆಮೇಲೆ ಕೀಲಿಗಳ ಮೇಲೆ ಗುದ್ದುತ್ತಾ, "ಲಾರಿ ಹೊರಟುಹೋಗುತ್ತೆ, ಬಿಲ್ಲೇ ಆಗಿಲ್ಲ" ಎಂದು ಮಗುವಿನ ಹಾಗೆ ಅತ್ತಳು. ತಂಗಿ ಮರುದಿನವೇ ಅದನ್ನು ರಿಪೇರಿ ಅಂಗಡಿಗೆ ಹೊತ್ತೊಯ್ದಳು. ಈ ಯಂತ್ರ ಸತ್ತರೆ ಗುಬ್ಬಿ ಎಂದು ಕರೆಯುವ ಆ ಒಂದು ಹೊತ್ತೂ ಸತ್ತಂತೆಯೇ.

ರಿಪೇರಿ ಅಂಗಡಿಯವನು ಲ್ಯಾಪ್‌ಟಾಪನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದರೊಳಗಿರೋ ವಿಂಡೋಸ್ ಹೊರೋ ಶಕ್ತಿ ಇದಕ್ಕಿಲ್ಲ ಮೇಡಂ. ಅದರ ಬದಲು ಲಿನಕ್ಸ್ ಹಾಕ್ಕೊಳ್ಳಿ, ಅದೂ ಅಂಥದ್ದೇ, ಆದ್ರೆ ಹಗುರ. ಇನ್ನೂ ನಾಲ್ಕು ವರ್ಷ ಓಡುತ್ತೆ."

"ನನಗೆ ಅದರ ತಲೆಬುಡ ಗೊತ್ತಿಲ್ಲಪ್ಪ."

"ಬಟ್ಟೆ ಕತ್ತರಿಸೋ ಧೈರ್ಯ ಇದೆಯಲ್ಲ, ಸಾಕು. ನಿಧಾನವಾಗಿ ಓದಿ, ಆಮೇಲೆ ಒತ್ತಿ" ಎಂದು ಒಂದು ಪೆನ್‌ಡ್ರೈವ್ ತುಂಬಿಸಿ ಕೊಟ್ಟ.

ಭಾನುವಾರ ಅಕ್ಕ ಮಲಗಿದ ಮೇಲೆ ತಂಗಿ ಕೆಲಸಕ್ಕೆ ಕೂತಳು. ಫೋಟೋಗಳನ್ನೆಲ್ಲ ಬೇರೆ ಕಡೆಗೆ ತುಂಬಿಟ್ಟಳು. ಯಂತ್ರ ಚಾಲೂ ಆಗುವ ಗಳಿಗೆಯಲ್ಲಿ ರಿಪೇರಿಯವನು ಹೇಳಿದ ಕೀಲಿಯನ್ನು ಟಕಟಕ ಕುಟ್ಟಬೇಕಿತ್ತು. ಎರಡು ಸಲ ತಡವಾಗಿ, ಮೂರನೇ ಸಲ ಯಂತ್ರ ಪೆನ್‌ಡ್ರೈವಿನಿಂದ ಎದ್ದಿತು. ಲಿನಕ್ಸನ್ನು ಒಳಗೆ ಹಾಕದೆಯೇ ಮೊದಲು ನೋಡುವ ಅವಕಾಶವಿತ್ತು. ನೋಡಿದಳು: ಮೌಸಿನ ಬಾಣ ಓಡಿತು, ಸದ್ದು ಬಂತು, ವೈಫೈ ಮಾತ್ರ ಮುಖ ಊದಿಸಿಕೊಂಡಿತ್ತು, ಅದಕ್ಕೆ ಫೋನನ್ನು ಕೇಬಲ್ಲಿನಿಂದ ಸಿಕ್ಕಿಸಿದಳು. ಆಮೇಲೆ ಡಿಸ್ಕ್ ಪೂರ್ತಿ ಅಳಿಸಲೇ ಎಂದು ಕೇಳಿದಾಗ ಆ ಸಾಲನ್ನು ಎರಡು ಸಲ ಓದಿದಳು. ಮದುವೆ ಬಟ್ಟೆಗೆ ಮೊದಲ ಕತ್ತರಿ ಹಾಕುವಾಗ ಮಾಡುವ ಹಾಗೆ ಉಸಿರು ಬಿಗಿಹಿಡಿದು ಒತ್ತಿಬಿಟ್ಟಳು.

ಪಾಸ್‌ವರ್ಡ್ ಕೇಳದೆ ನೇರ ಒಳಗೆ ಬಿಡುವಂತೆ ಗುರುತು ಹಾಕಿದಳು, ಅಕ್ಕನಿಗೆ ಗೊಂದಲವಾಗದಿರಲಿ ಎಂದು. ಹಳೆಯದರ ಹಾಗೇ ಕಾಣುವ ಇಸ್ಪೀಟಿನ ಆಟವನ್ನು ಹುಡುಕಿ ತಂದು, ಹಳೆಯ ಜಾಗದಲ್ಲೇ ಕೂರಿಸಿದಳು. ಆಟವೇ ಅಕ್ಕನ ನೆನಪಿನ ಬೀಗದ ಕೈ ಎಂದು ಅವಳು ನಂಬಿದ್ದಳು. ಪಾಪ, ಎಡವಿದ್ದು ಅಲ್ಲೇ. ಕೆಲಸ ಮುಗಿದಾಗ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡು, ತಲೆಗೆ ಸ್ನಾನ ಮಾಡಿ, ನಾಳೆಯ ಜಡೆಗೆಂದು ಕೂದಲು ಆರಿಸಿಕೊಂಡಳು.

ಮರುದಿನ ಅಕ್ಕ ಗುಂಡಿ ಒತ್ತಿದಳು. ಕನ್ನಡಕ ಮೂಗಿಗೇರಿಸುವಷ್ಟರಲ್ಲಿ ಯಂತ್ರ ಎದ್ದು ನಿಂತಿತ್ತು. ಅಕ್ಕ ಖುಷಿಯಾಗಿ ಇಸ್ಪೀಟು ಹರಡಿದಳು. ಹಿಂದೆ ತಿರುಗಲಿಲ್ಲ.

ತಂಗಿ ನೆಲದ ಮೇಲೆ ಕೂತೇ ಇದ್ದಳು. "ಅಕ್ಕಾ, ಜಡೆ?"

"ಕೆಲಸ ಇದೆಯಮ್ಮ" ಎಂದಳು ಅಕ್ಕ, ಪರದೆಯಿಂದ ಕಣ್ಣು ಕೀಳದೆ. "ನೀವು ಆಮೇಲೆ ಬನ್ನಿ."

ಮಂಗಳವಾರವೂ ಅದೇ, ಬುಧವಾರವೂ ಅದೇ. ಆಟ ಚೆನ್ನಾಗಿತ್ತು, ಯಂತ್ರ ಚೆನ್ನಾಗಿತ್ತು, ಅಕ್ಕ ಒಮ್ಮೆಯೂ ಅಳಲಿಲ್ಲ. ತಂಗಿ ಬಾಚಣಿಗೆಯನ್ನು ಮೇಜಿನ ಮೇಲೆ ಕಣ್ಣಿಗೆ ಬೀಳುವ ಹಾಗಿಟ್ಟಳು. ಅಕ್ಕ ಅದನ್ನು ಕಾಗದ ಹಾರದಂತೆ ಭಾರಕ್ಕೆ ಬಳಸಿದಳು. ಎರಡು ವಾರ ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಪ್ಯಾಂಟಿನ ಕಾಲು ಮಡಿಚಿ ಹೊಲಿಯುತ್ತಿದ್ದವಳ ಪಾದ ಪೆಡಲಿನ ಮೇಲೆ ನಿಂತುಹೋಯಿತು. ತನ್ನನ್ನು ಅಕ್ಕನಿಗೆ ತೋರಿಸುತ್ತಿದ್ದದ್ದು ಆಟವಲ್ಲ, ಆಟ ಬರುವವರೆಗಿನ ಕಾಯುವಿಕೆ. ಅದನ್ನೇ ತಾನು ಕೈಯಾರೆ ಅಳಿಸಿ ಕೂತಿದ್ದಳು.

ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ರಿಪೇರಿ ಅಂಗಡಿಗೆ ಓಡಿದಳು. "ಇದನ್ನ ಮೊದಲಿನ ಹಾಗೆ ನಿಧಾನ ಮಾಡಿಕೊಡಿ."

ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಲೋಕದಲ್ಲಿ ಎಲ್ಲರೂ ಜೋರು ಮಾಡಿಕೊಡು ಅಂತ ಪ್ರಾಣ ತಿಂತಾರೆ ಮೇಡಂ, ನೀವೊಬ್ಬರು..." ಅವಳ ಮುಖ ನೋಡಿ ನಗು ನುಂಗಿಕೊಂಡ. "ಕಾರಣ ಕೇಳಲ್ಲ. ಹಳೇದು ಹೋಯ್ತು, ಅದು ಬರಲ್ಲ. ಆದ್ರೆ ಲಿನಕ್ಸ್ ಏಳೋಕೆ ಮುಂಚೆ ಎಷ್ಟು ಸೆಕೆಂಡು ಕಾಯ್ಬೇಕು ಅಂತ ಒಂದು ಫೈಲಲ್ಲಿ ಬರೆದಿಡಬಹುದು. ನಿಮಗೆ ಬೇಕಾದಷ್ಟು ಬರೆದುಕೊಳ್ಳಿ" ಎಂದು ಟೈಪು ಮಾಡಬೇಕಾದ ಸಾಲುಗಳನ್ನು ಅವಳ ಫೋನಿಗೆ ಕಳಿಸಿದ.

ಮನೆಗೆ ಬಂದು ಆ ಸಾಲುಗಳನ್ನು ಟೈಪು ಮಾಡುವ ಕಪ್ಪು ಕಿಟಕಿ ತೆರೆದಳು. ಇಂಥ ಬದಲಾವಣೆಗೆ ಮಾತ್ರ ಅದು ಪಾಸ್‌ವರ್ಡ್ ಕೇಳಿತು, ಹೊಡೆದರೆ ಒಂದು ಚುಕ್ಕೆಯೂ ಮೂಡಲಿಲ್ಲ. ಕೀಲಿಗಳೇ ಕೆಟ್ಟವೆಂದು ಕಂಗಾಲಾಗಿ ಅವನಿಗೆ ಫೋನ್ ಮಾಡಿದಳು. "ಅದು ತೋರಿಸಲ್ಲ ಮೇಡಂ, ಆದ್ರೆ ಕೇಳಿಸ್ಕೊಳ್ತಿರುತ್ತೆ. ಸುಮ್ಮನೆ ಹೊಡೆದು ಎಂಟರ್ ಒತ್ತಿ" ಎಂದ. ಒತ್ತಿದಳು. ಫೈಲು ತೆರೆಯಿತು. ಸೊನ್ನೆ ಇದ್ದ ಜಾಗದಲ್ಲಿ ಹತ್ತು ನಿಮಿಷಕ್ಕಾಗುವಷ್ಟು ಸೆಕೆಂಡು ಬರೆದು, ಉಳಿಸಿ, ಕೊನೆಯ ಸಾಲನ್ನೂ ಟೈಪು ಮಾಡಿದಳು.

ಅಂದು ಮಧ್ಯಾಹ್ನ ಅಕ್ಕ ಗುಂಡಿ ಒತ್ತಿದಳು. ಕಪ್ಪು ಪರದೆಯ ಮೇಲೆ ಒಂದು ಸಂಖ್ಯೆ ಮೂಡಿ, ಒಂದೊಂದಾಗಿ ಇಳಿಯತೊಡಗಿತು. ಅಕ್ಕ ಮಡಿಲಲ್ಲಿ ಕೈಯಿಟ್ಟು ಕಾದಳು. ತಂಗಿ ಕೂದಲು ಬಿಚ್ಚಿಕೊಂಡು ಅವಳ ಮುಂದೆ ನೆಲದ ಮೇಲೆ ಕೂತಳು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ತುಂಬ ಹೊತ್ತಿನ ಮೇಲೆ ಬೆರಳುಗಳು ಅವಳ ತಲೆಯನ್ನು ಮುಟ್ಟಿದವು. ತಂಗಿ ಕಣ್ಣು ಮುಚ್ಚಿಕೊಂಡಳು.

"ಎಷ್ಟು ಸಿಕ್ಕು ನಿಮ್ಮ ಕೂದಲು" ಎಂದಳು ಅಕ್ಕ. "ಇರಿ, ಬಿಡಿಸಿ ಜಡೆ ಹಾಕ್ತೀನಿ. ಇದು ಏಳೋಕೆ ಇನ್ನೂ ಹೊತ್ತಿದೆ."

ಬಾಚಣಿಗೆ ಮೊದಲಿನ ಹಾಗೇ ನೆತ್ತಿಯಿಂದ ಇಳಿಯಿತು. ಬೈತಲೆ ನೇರ ಬಂತು. ಕೈಗಳಿಗೆ ಎಲ್ಲ ನೆನಪಿತ್ತು.

"ನನ್ನ ತಂಗಿದೂ ಹೀಗೇ ಕೂದಲು. ಗುಬ್ಬಿ ಅಂತ."

"ಎಲ್ಲಿದ್ದಾಳೆ ಅವಳು?"

"ದಿನಾ ಬಂದು ಇಲ್ಲೇ ಕೂರ್ತಿದ್ಲು. ಈಚೆಗೆ ಯಾಕೋ ಬರ್ತಾನೇ ಇಲ್ಲ" ಎಂದಳು ಅಕ್ಕ. "ಏನು ಸಿಟ್ಟೋ. ನಾನು ಸ್ವಲ್ಪ ಜಾಸ್ತಿ ಬೈದೆ ಅನ್ಸುತ್ತೆ."

ನಾನೇ ಅಕ್ಕಾ, ನಾನೇ ಗುಬ್ಬಿ ಎಂದು ತಂಗಿ ಹೇಳಬಹುದಿತ್ತು. ಎಷ್ಟೋ ಬೆಳಿಗ್ಗೆ ಹೇಳಿ ನೋಡಿದ್ದಳು. ಅಕ್ಕ ಹೆದರಿ ಗೋಡೆಗೆ ಒತ್ತಿಕೊಳ್ಳುತ್ತಿದ್ದಳು. "ಸಿಟ್ಟಿರಲ್ಲ ಬಿಡಿ. ಅವಳಿಗೆ ನಿಮ್ಮ ಮೇಲೆ ಯಾವತ್ತೂ ಸಿಟ್ಟಿಲ್ಲ" ಎಂದಳು ತಂಗಿ.

"ನಿಮಗೆ ಮನೇಲಿ ಯಾರಿದ್ದಾರೆ?"

"ಅಕ್ಕ ಇದ್ದಾಳೆ."

"ಚೆನ್ನಾಗಿ ನೋಡ್ಕೊಳ್ತಾಳಾ?"

"ಹೂಂ. ಅವಳೇ ಸಾಕಿದ್ದು ನನ್ನ."

ಅಕ್ಕ ಎರಡನೇ ಜಡೆಯ ತುದಿಗೆ ಗಂಟು ಹಾಕಿ, ಭುಜ ತಟ್ಟಿದಳು. "ಮತ್ತೆ ಇಲ್ಲೇ ಕೂತಿದ್ದೀರಲ್ಲ ಇಷ್ಟು ಹೊತ್ತು? ಮನೆಗೆ ಹೋಗಿ ತಾಯಿ. ಪಾಪ, ನಿಮ್ಮಕ್ಕ ಕಾಯ್ತಾ ಇರ್ತಾಳೆ."

ತಂಗಿ ಎದ್ದಳು. ಮುಂದಿನ ಕೋಣೆಗೆ ಬಂದು ಚಪ್ಪಲಿ ಮೆಟ್ಟಿ, ಬೀದಿ ಬಾಗಿಲನ್ನು ತೆರೆದು, ಅಕ್ಕನಿಗೆ ಕೇಳಿಸುವಷ್ಟು ಜೋರಾಗಿ ಒಳಗಿನಿಂದಲೇ ಮುಚ್ಚಿದಳು. ಆಮೇಲೆ ಮುಚ್ಚಿದ ಬಾಗಿಲಿಗೆ ಹಣೆಯಿಟ್ಟು, ಅಳುವ ಸದ್ದು ಒಳಗೆ ಹೋಗದಂತೆ ಬಾಯಿಗೆ ಜಡೆಯನ್ನು ಒತ್ತಿ ಹಿಡಿದು ನಿಂತಳು.