ಬಾಣಂತಿ ಹಂಡೆ

“ಏ ಮಾಣಿಕ್ಯಾ, ಹಡದಾಕಿ ನಿನ್ನ ಹೆಂಡ್ತಿಯೇನೋ, ನೀನೋ? ಹೊಟ್ಟಿ ಬ್ಯಾನಿ ಎದ್ದವ್ರಂಗ ಹೆಜ್ಜಿ ಇಡ್ಲತ್ತೀಯಲ್ಲ! ಒಲಿ ಉರಸೋ ಸೂಳಿಮಗನ, ನನ್ನ ಸೊಸಿ ಎಣ್ಣಿ ಹಚ್ಚಿಸ್ಕೊಂಡು ಕುಂತಾಳ!”

ಪಾಟೀಲರ ಹೆಂಡತಿ ಸುಂದರಬಾಯಿ ಹಿತ್ತಲ ಕಟ್ಟೆಯ ಮೇಲೆ ನಿಂತು, ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬೈಯುತ್ತಿದ್ದಳು. ಮಾಣಿಕ ತಲೆ ಎತ್ತಲಿಲ್ಲ. ತೊಗರಿ ಕಟ್ಟಿಗೆಯನ್ನು ಮೊಣಕಾಲಿಗೆ ಕೊಟ್ಟು ಮುರಿದ, ಒಲೆಗೆ ತುರುಕಿದ, ಊದಿದ. ಹೊಗೆ ಕಣ್ಣಿಗೆ ಹೊಕ್ಕಿತು. ಒಲೆಯ ಮುಂದೆ ಒಂದು ಅನುಕೂಲ ಉಂಟು, ಕಣ್ಣಲ್ಲಿ ನೀರು ಬಂದರೆ ಯಾಕೆಂದು ಯಾರೂ ಕೇಳುವುದಿಲ್ಲ.

ಒಲೆಯ ಮೇಲಿದ್ದದ್ದು ತಾಮ್ರದ ಹಂಡೆ. ಸೊಸೆ ಶಿವಕಾಂತಾ ತವರಿನಿಂದ ತಂದದ್ದು. ಈಗ ಅದು ಬಾಣಂತಿ ಹಂಡೆ. ಜೋಶಿಯವರು ಬಂದು ನೀರು ಚಿಮುಕಿಸಿ ಶುದ್ಧಿ ಮಾಡುವ ತನಕ ಬಾಣಂತಿಗೆ, ಅವಳ ಸೀರೆಗೆ, ಅವಳ ಹಂಡೆಗೆ ಮೈಲಿಗೆ. ಮನೆಯವರು ಯಾರೂ ಮುಟ್ಟುವಂತಿಲ್ಲ. ಆಳುಮಗ ಹಣಮಂತಪ್ಪ ಕೂಡ ಬಾವಿಯಿಂದ ಸೇದಿ ತಂದ ನೀರನ್ನು, ತನ್ನ ಕೊಡ ತಾಗದ ಹಾಗೆ ಎತ್ತರದಿಂದ ಸುರಿದು ಹಿಂದೆ ಜಿಗಿಯುತ್ತಾನೆ. ಮುಟ್ಟುವವರು ಇಬ್ಬರೇ: ಒಲೆ ಉರಿಸುವ ಮಾಣಿಕ, ನೀರು ಹಾಕುವ ಅವನ ತಾಯಿ ಶೇವಂತಾಬಾಯಿ. ಬೇರೆ ದಿನಗಳಲ್ಲಿ ಇವರ ನೆರಳಿಗೂ ಈ ಹಿತ್ತಲ ಬಾಗಿಲು ತೆರೆಯುವುದಿಲ್ಲ.

ಬಚ್ಚಲ ತಡಿಕೆಯ ಆಚೆ ತಾಯಿಯ ಅಂಗೈ ಶಿವಕಾಂತಾಳ ಬೆನ್ನಿನ ಮೇಲೆ ಚಟಚಟ ಬೀಳುವುದು ಅವನಿಗೆ ಕೇಳುತ್ತಿತ್ತು.

“ಸೊಂಟ ಸಡ್ಲ ಬಿಡ್ರಿ ತಾಯಿ. ಅಳು ಬಂದ್ರ ಅತ್ತುಬಿಡ್ರಿ, ತಡಕೋಬ್ಯಾಡ್ರಿ. ಹಡದ ಮೈ ಅದು, ಅತ್ರ ಹಗರಾಗ್ತದ.”

ಈ ಮಾತು, ಈ ಕೈ ಅವನ ಮನೆಯವು. ಹೆಂಡತಿ ಕೌಸಲ್ಯಾ ಹೆಣ್ಣುಕೂಸು ಹಡೆದ ಮರುದಿನವೇ ಪಾಟೀಲರ ವಾಡೆಯ ಸೊಸೆ ಬೀದರದ ದವಾಖಾನೆಯಿಂದ ಜೀಪಿನಲ್ಲಿ ಬಂದಿಳಿದಳು, ಅದರ ಬೆನ್ನಿಗೇ ಹಣಮಂತಪ್ಪ ಕೇರಿಗೆ ಬಂದು ಶೇವಂತಾಬಾಯಿಯನ್ನು ಕರೆದೊಯ್ದ. ಸುಂದರಬಾಯಿ ಅಂದೇ ಕಟ್ಟಳೆ ಹಾಕಿದಳು:

“ಒಂದ ಕೈ ಇಬ್ಬರು ಬಾಣಂತೇರಿಗಿ ನಡಿಯಂಗಿಲ್ಲ. ಇಲ್ಲಿ ಹಾಲ ಬತ್ತಿ ನಿಮ್ಮ ಕೇರಿಗಿ ಹರೀತದ. ದನದ ಕೊಟಗ್ಯಾಗ ಬಿದ್ದಿರು. ಶುದ್ಧಿ ಆಗೋ ತನಕ ಮನಿ ಕಡಿ ಮುಖ ಹಾಕಬ್ಯಾಡ.”

ಶೇವಂತಾಬಾಯಿ ಮುಖ ಹಾಕಿರಲಿಲ್ಲ. ಅಂಜಿಕೆ ವಾಡೆಯದಷ್ಟೇ ಆಗಿದ್ದರೆ ಕದ್ದಾದರೂ ಬರುತ್ತಿದ್ದಳೇನೋ. ಆದರೆ ಆ ಮಾತನ್ನು ಅವಳೂ ನಂಬಿದ್ದಳು. ಇಲ್ಲಿಯ ಹಾಲು ಅಲ್ಲಿಗೆ ಹೋಗುವುದಾದರೆ ಅಲ್ಲಿಯದು ಇಲ್ಲಿಗೂ ಬರಬಹುದಲ್ಲ? ತನ್ನ ಮೊಮ್ಮಗಳು ಏನು ಕುಡಿಯಬೇಕು?

ಮಧ್ಯಾಹ್ನ ಮಾಣಿಕ ಕೇರಿಗೆ ಓಡಿದ. ಕೇರಿ ಎನ್ನುವುದಕ್ಕೆ ಅಲ್ಲಿ ಮನೆಗಳಿದ್ದವು, ಮಂದಿ ಇರಲಿಲ್ಲ. ಕೀಲಿ ಇದ್ದವರು ಕೀಲಿ ಹಾಕಿ, ಇಲ್ಲದವರು ಬಾಗಿಲಿಗೆ ಜಾಲಿಮುಳ್ಳು ಎಳೆದು ಹೈದರಾಬಾದಿಗೆ ಮಣ್ಣು ಹೊರಲು ಹೋಗಿದ್ದರು. ಎರಡು ಮಳೆಗಾಲ ಬರೀ ಗಾಳಿ ಬೀಸಿ ಹೋಗಿದ್ದವು. ಕೌಸಲ್ಯಾಳ ತವರು ಔರಾದಿನ ಆಚೆ. ಚೊಚ್ಚಲ ಹೆರಿಗೆ ಅಲ್ಲೇ ಆಗಬೇಕಿತ್ತು. ತುಂಬಿದ ಬಸುರಿಯನ್ನು ಬಸ್ಸಿನಲ್ಲಿ ಕರೆದೊಯ್ದಾಗ ಅವಳ ಅವ್ವನ ಬಾಗಿಲಲ್ಲೂ ಮುಳ್ಳಿತ್ತು. ಕೌಸಲ್ಯಾ ಆ ಮುಳ್ಳನ್ನು ಸರಿಸಿ ಒಳಗೆ ಇಣುಕಿ ನೋಡಿ, ಮತ್ತೆ ಇದ್ದ ಹಾಗೇ ಇಟ್ಟು ಬಂದಿದ್ದಳು.

ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೂಸು ಅತ್ತು ಅತ್ತು ದನಿ ಹರಿದುಕೊಂಡಿತ್ತು.

“ಕೌಸಿ, ಏಳ. ಅಂಬಲಿ ಕಾಸ್ತೀನಿ. ಕೂಸಿಗಿ ಮೊಲಿ ಕೊಡು.”

“ಅಳ್ಳಿ ಬಿಡ್ರಿ. ಅತ್ತು ತಾನೇ ಮಲಗ್ತದ.”

“ಹಂಗಂದ್ರ ಹ್ಯಾಂಗ?”

“ಅತ್ತಿ ಇವತ್ತಾರ ಬರ್ತಾಳೇನು?”

ಅವನು ಒಲೆಯ ಕಡೆ ತಿರುಗಿದ. ರೇಷನ್ನಿನ ಕೆಂಪು ಮಿಲೋ ಜೋಳದ ಹಿಟ್ಟು ನೀರಲ್ಲಿ ಕದಡಿ ಇಟ್ಟ. ಬೀದರದ ಗಾಂಧಿ ಗಂಜ್ ಪೇಟೆಯಲ್ಲಿ ಅಂಗಡಿ ಇರುವ ಪಾಟೀಲರ ಮಗ ವಾಡೆಗೆ ಕೊಬ್ಬರಿ, ಅಂಟು, ಒಣಶುಂಠಿಯನ್ನು ಚೀಲಗಟ್ಟಲೆ ಕಳಿಸಿದ್ದ. ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಗಾಳಿ ಬಂದಾಗೊಮ್ಮೆ ಇಲ್ಲಿಯ ತನಕವೂ ಬರುತ್ತಿತ್ತು.

ಕೊಡದಲ್ಲಿ ಉಳಿದ ನೀರನ್ನು ಬೆಚ್ಚಗೆ ಮಾಡಿ ತಂದ. “ಬಾ, ನಾನೇ ಬೆನ್ನಿಗಿ ಹಾಕ್ತೀನಿ.”

“ಥೂ, ಗಂಡಸು ಬಾಣಂತನ ಮಾಡ್ತಾರೇನ್ರಿ? ಜನ ಏನಂದಾರು?”

“ಯಾವ ಜನ?”

ಇಬ್ಬರೂ ಬಾಗಿಲ ಹೊರಗೆ ನೋಡಿದರು. ಬಿಸಿಲು. ಕೌಸಲ್ಯಾ ನಕ್ಕಳು. ಆ ನಗು ಎಷ್ಟು ಹೊತ್ತಾದರೂ ನಿಲ್ಲದ್ದು ಕಂಡು ಮಾಣಿಕ ಅವಳ ಭುಜ ಹಿಡಿದ.

ಕಟ್ಟಿಗೆ ಒಡೆದು ಒರಟಾದ ಕೈ ಅವನದು. ಸೊಂಟ ಒತ್ತಿದರೆ ಚೀರಿದಳು, ಮೆಲ್ಲಗೆ ಹಿಡಿದರೆ ನೋವು ಇಳಿಯಲಿಲ್ಲ. ಇದ್ದ ನೀರು ಕೂಸನ್ನು ಒರೆಸುವುದರಲ್ಲೇ ಮುಗಿಯಿತು.

“ನಾಯಿಗೋಳು ಸೈತ ಮಂದಿ ಹಿಂದ ಹೋಗ್ಯಾವ ನೋಡ್ರಿ,” ಅಂದಳು ಅವಳು. “ಒಂದು ಬೊಗಳಿದ್ರೂ ಯಾರೋ ಅದಾರ ಅನಸ್ತಿತ್ತು.”

ವಾಡೆಯ ಕಡೆಯಿಂದ ಹಣಮಂತಪ್ಪನ ಕೂಗು ಕೇಳಿಸಿತು. ಮಾಣಿಕ ಎದ್ದ. ಬಾಣಂತಿಯನ್ನು ಒಂಟಿಯಾಗಿ ಬಿಡುವಾಗ ತಲೆದಿಂಬಿನಡಿ ಕಬ್ಬಿಣ ಇಡಬೇಕು, ಗಾಳಿ ಸೋಂಕಬಾರದು. ದಿನವೂ ಇಡುವಂತೆ ಕುಡಗೋಲು ತೆಗೆದ. ಕೌಸಲ್ಯಾ ಅವನ ಮುಂಗೈ ಹಿಡಿದುಕೊಂಡಳು.

“ಅದು ಬ್ಯಾಡ.”

“ಯಾಕ?”

“ನೀವು ಹೋದ ಮ್ಯಾಲೆ ಅದು ನನ್ನ ಸಂಗಟ ಮಾತಾಡ್ತದ.” ಅವಳು ಕೂಸನ್ನು ನೋಡಿದಳು, ತನ್ನ ಕೊರಳನ್ನು ಮುಟ್ಟಿಕೊಂಡಳು. “ಇಬ್ಬರದೂ ಮುಗಸು ಅಂತದ. ಒಯ್ಯಿರಿ ಅದನ್ನ. ನನ್ನ ಕೈಗಿ ಸಿಗಲಾರದಲ್ಲಿ ಬಿಸಾಕ್ರಿ.”

ಮಾಣಿಕ ಕುಡಗೋಲನ್ನು ಕೇರಿಯ ಬತ್ತಿದ ಹಾಳುಬಾವಿಗೆ ಎಸೆದು, ಅಲ್ಲಿಂದ ನೆಟ್ಟಗೆ ಪಾಟೀಲರ ಅಂಗಳಕ್ಕೆ ಹೋದ.

ಪಾಟೀಲ ಹೊರಸಿನ ಮೇಲೆ ಒರಗಿ ಕಾಲು ಒತ್ತಿಸಿಕೊಳ್ಳುತ್ತಿದ್ದ. ಒತ್ತುತ್ತಿದ್ದವ ಹಣಮಂತಪ್ಪ.

“ಅಪ್ಪಾರ, ನಮ್ಮವ್ವಗ ಒಂದ ಹೊತ್ತು ಕಳಸ್ರಿ. ನನ್ನ ಹೆಂಡ್ತಿಗಿ ಛಲೋ ಇಲ್ಲ. ತಲಿ ಸುದ್ದ ಇಲ್ಲ. ಏನರೇ ಮಾಡ್ಕೊಂಡಾಳು ಅಂತ ಅಂಜಿಕಿ ಆಗ್ಲತ್ತದ.”

“ಏನ್ ಆಗ್ಯಾದ?”

“ನೀರ ಹಾಕೋರಿಲ್ಲ, ಬಾಜೂಕ ಕೂಡೋರಿಲ್ರಿ.”

ಪಾಟೀಲ ನಕ್ಕ. “ಕೇಳಿದೇನೋ ಹಣಮ್ಯಾ? ಇವರ ಹೆಂಗಸರು ಹೊಲದಾಗ ಹಡದು, ಕೂಸಿಗಿ ಗಿಡಕ್ಕ ಜೋತಬಿಟ್ಟು ಕಳೇವು ಕೀಳೋರು. ಬಾಣಂತನ ಅನ್ನೂದು ಹೊಲಗೇರಿಗಿ ಯಾವಾಗ ಬಂತೋ?”

“ಅಂಟಿನುಂಡಿ ಕೇಳ್ಲಾಕೂ ಬರ್ತಾನ ನೋಡ್ರಿ ನಾಳಿ,” ಅಂದ ಹಣಮಂತಪ್ಪ.

ಒಳಗಿನಿಂದ ಸುಂದರಬಾಯಿಯ ದನಿ ಬಂತು: “ಕಳಸಿದ್ರ ನೋಡ್ರಿ ಮತ್ತ! ನಮ್ಮ ಕೂಸಿನ ಬಾಯಾಗಿನ ಹಾಲ ಹೋಗಿ ಹೊಲ್ಯಾರ ಕೂಸಿನ ಬಾಯಾಗ ಬೀಳ್ತದ!”

“ನಡಿ ನಡಿ,” ಪಾಟೀಲ ಕಾಲು ಝಾಡಿಸಿದ. “ಶುದ್ಧಿ ಆದ ದಿನ ನಿಮ್ಮವ್ವಗ ಕರಕೊಂಡು ಹೋಗು. ಆಮ್ಯಾಲೆ ಇಬ್ಬರೂ ಆ ಬಾಗಲದಾಗ ಕಾಲ ಇಟ್ಟೀರಿ, ಮುರೀತೀನಿ.”

ಆ ರಾತ್ರಿ ಮಾಣಿಕ ಹೆಂಡತಿಯ ಮಗ್ಗುಲಲ್ಲೇ ಕುಳಿತ. ಬೆಳಗಾಗುತ್ತಲೇ, ಅವಳಿಗೆ ನಿದ್ದೆ ಹತ್ತಿದ್ದು ನೋಡಿ, ವಾಡೆಗೆ ಬಂದು ಒಲೆ ಉರಿಸಿದ. ಬೈಯಲು ಸುಂದರಬಾಯಿಗೆ ಏನೂ ಉಳಿಯದ ಹಾಗೆ ಉರಿಸಿದ. ಹಂಡೆ ಸದ್ದು ಮಾಡತೊಡಗಿತು.

ಶೇವಂತಾಬಾಯಿ ತಂಬಿಗೆ ಹಿಡಿದು ತಡಿಕೆಯ ಆಚೆಯಿಂದ ಬಂದಳು. ಮೊಣಕೈ ತನಕ ಎಣ್ಣೆ.

“ಕೌಸಿ ಹ್ಯಾಂಗ ಅದಾಳೋ? ಹಾಲ ಅದಾವ?”

“ಯವ್ವಾ, ಕುಡಗೋಲು ಬಾವ್ಯಾಗ ಒಗದು ಬಂದೀನಿ.”

“ಯಾಕ?”

ಅವನು ಹೇಳಿದ. ಹೆಂಡತಿ ಅಂದದ್ದನ್ನು ಅಂದ ಹಾಗೆಯೇ ಹೇಳಿದ. ಶೇವಂತಾಬಾಯಿ ತಂಬಿಗೆ ಕೆಳಗಿಟ್ಟಳು. ಎಷ್ಟೋ ಮನೆಗಳ ಬಾಣಂತಿಯರನ್ನು ಕಂಡ ಮುದುಕಿ ಅವಳು. ಹಾಗೆ ಅಂದವರಲ್ಲಿ ಯಾರು ಉಳಿದರು, ಯಾರು ಉಳಿಯಲಿಲ್ಲ ಎಂಬುದು ಅವಳ ಮುಖದ ಮೇಲೆಯೇ ಬಂತು.

“ಒಂದ ಕೈ…” ಅಂದಳು, ತನ್ನ ಅಂಗೈ ನೋಡಿಕೊಂಡು. ಆಮೇಲೆ ಒಲೆಯ ಬಾಯಿಂದ ಬೂದಿ ಎಳೆದು ಎಣ್ಣೆ ಹೋಗುವ ತನಕ ಕೈ ತಿಕ್ಕಿದಳು. “ಹಾಲ ಬತ್ತಿದ್ರ ಬತ್ತಲಿ, ಜೀವ ಇರಲಿ. ನಡಿ.”

“ಬರೀ ಕೈಲಿ ಹೋಗಿ ಏನ ಮಾಡ್ತಿ? ಮನ್ಯಾಗ ಹನಿ ನೀರಿಲ್ಲ.”

ಇಬ್ಬರೂ ಹಂಡೆಯನ್ನು ನೋಡಿದರು. ಮಾಣಿಕ ಗೋಡೆಗೆ ಆನಿಸಿದ್ದ ಗಳ ತಂದು ಹಂಡೆಯ ಎರಡೂ ಕಡಗಗಳಲ್ಲಿ ತೂರಿಸಿದ. ಒಂದು ತುದಿ ಅವನ ಹೆಗಲಿಗೆ, ಒಂದು ತುದಿ ತಾಯಿಯ ಹೆಗಲಿಗೆ.

“ಶೇವಂತಾ,” ಶಿವಕಾಂತಾ ಒಳಗಿನಿಂದ ಕರೆದಳು. ಸಣ್ಣ ದನಿ. “ಎಲ್ಲಿ ಹೋದಿ? ನನಗ ಥಂಡಿ ಹತ್ಲತ್ತದ.”

ಮುದುಕಿಯ ಕಾಲು ನಿಂತಿತು. “ಎಣ್ಣಿ ಇಳೀಲಿ ತಾಯಿ, ಧಡಿ ಹೊಚ್ಕೊಂಡು ಕುಂದರ್ರಿ,” ಅಂದಳು, ಎಂದಿನ ದನಿಯಲ್ಲೇ. ಕಾಲು ಮುಂದೆ ಹೋಯಿತು.

ಬಾಗಿಲು ದಾಟುವಾಗ ಸುಂದರಬಾಯಿಯ ಬಾಯಿ ಊರಿಗೇ ಕೇಳಿಸಿತು. “ಹಂಡೆ! ಹಂಡೆ ಒಯ್ಲತ್ಯಾರ! ಹಿಡೀರಿ ಭಾಡಕಾವ್‌ಗೋಳಿಗಿ!”

ಹಣಮಂತಪ್ಪ ಓಡಿ ಬಂದು ಎರಡೂ ತೋಳು ಚಾಚಿ ಅಡ್ಡ ನಿಂತ. ಹಂಡೆ ಹತ್ತಿರ ಬಂತು. ಅವನು ಒಂದು ಹೆಜ್ಜೆ ಹಿಂದೆ ಹೋದ, ಇನ್ನೊಂದು ಹೆಜ್ಜೆ, ಆಮೇಲೆ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟ.

“ಹಿಡಿಯೋ!” ಪಾಟೀಲ ಒದರಿದ.

“ಹ್ಯಾಂಗ ಹಿಡೀಲ್ರಿ? ಬಾಣಂತಿ ಹಂಡೆರಿ!”

“ಕಲ್ಲ ತಗೊಂಡು ಒಗಿ!”

“ಬ್ಯಾಡ್ರೋ,” ಸುಂದರಬಾಯಿ ಹಣೆ ಬಡಿದುಕೊಂಡಳು, “ತಗ್ಗ ಬೀಳ್ತದ! ಬೀಗರ ಮನಿ ತಾಂಬ್ರ ಅದು!”

ಊರ ನಡುವಿನ ದಾರಿಯಲ್ಲಿ ಹಂಡೆ ಹೊಗೆಯಾಡುತ್ತ ಹೋಯಿತು. ಹೆಗಲು ತಪ್ಪಿದಾಗೊಮ್ಮೆ ಬಿಸಿನೀರು ತುಳುಕಿ ತಾಯಿಯ ಮೊಣಕಾಲ ಮೇಲೆ ಬೀಳುತ್ತಿತ್ತು. ಅವಳು ಹಲ್ಲು ಕಚ್ಚಿ ನಡೆದಳು. ಹಿಂದೆ ಪಾಟೀಲ, ಹಣಮಂತಪ್ಪ, ಅವರ ಹಿಂದೆ ಬಡಿಗೆ ಹಿಡಿದ ಇನ್ನಷ್ಟು ಮಂದಿ. ಮುಟ್ಟುವಷ್ಟು ಹತ್ತಿರ ಯಾರೂ ಬರಲಿಲ್ಲ.

ಬೆರೆಸಲು ಕೇರಿಯಲ್ಲಿ ತಣ್ಣೀರು ಇರಲಿಲ್ಲ. ಅಷ್ಟು ದೂರದ ದಾರಿಯೇ ನೀರನ್ನು ಹದಕ್ಕೆ ತಂದಿತ್ತು.

ಮಾಣಿಕ ಕೂಸನ್ನು ಎತ್ತಿಕೊಂಡು ಹೊಸ್ತಿಲ ಹೊರಗೆ ಬೆನ್ನು ಮಾಡಿ ನಿಂತ. ಒಳಗೆ ಮೊದಲ ತಂಬಿಗೆ ಸುರಿದ ಸದ್ದು. ಅಂಗೈ ಬಿದ್ದ ಸದ್ದು. ಬಹಳ ಹೊತ್ತು ಬರೀ ಅದೇ. ಆಮೇಲೆ ಕೌಸಲ್ಯಾ ಅತ್ತಳು. ಬಾಯಿ ತೆರೆದು, ದನಿ ತೆಗೆದು, ಕೇಳುವವರಿದ್ದಾರೆಂದು ಗೊತ್ತಿದ್ದವರು ಅಳುವ ಹಾಗೆ ಅತ್ತಳು.

“ಅಳು,” ಅಂದಳು ಶೇವಂತಾಬಾಯಿ. “ಅಳು ನನ್ನವ್ವ.”

ನೀರು ಹೊಸ್ತಿಲ ಕೆಳಗಿನಿಂದ ಹೊರಗೆ ಬಂತು. ಹಡೆದ ಮೈಯ ಕೆಂಪು ಕಲೆಸಿಕೊಂಡು ಮಾಣಿಕನ ಪಾದ ತೋಯಿಸಿ, ಒಣ ದಾರಿಯ ಧೂಳನ್ನು ಸುತ್ತಿಕೊಂಡು, ಕೇರಿಯ ಬಾಯಲ್ಲಿ ನಿಂತವರ ಕಡೆಗೆ ಇಳಿಯತೊಡಗಿತು. ಪಾಟೀಲ ಚಪ್ಪಲಿಯ ಕಾಲನ್ನು ಹಿಂದೆ ಎಳೆದುಕೊಂಡ. ಬಡಿಗೆಯವರೂ ಸರಿದರು.

“ಇನ್ನೊಂದು ತಂಬಗಿ ಹಾಕ್ರಿ ಅತ್ತಿ,” ಒಳಗಿನಿಂದ ಕೌಸಲ್ಯಾ.

ತಂಬಿಗೆ ಹಂಡೆಯ ತಳಕ್ಕೆ ಬಡಿದು ಕೆರೆಯಿತು.

ಹೊರಗೆ ನೀರಿನ ಮೂತಿ ಅವರ ಕಾಲುಗಳಿಗೆ ಗೇಣು ದೂರದಲ್ಲಿ ನಿಂತಿತು. ನೆಲ ಅದನ್ನು ಹೀರತೊಡಗಿತ್ತು. ಅದು ಆರುವುದನ್ನೇ ನೋಡುತ್ತ ಅವರು ಬಡಿಗೆ ಊರಿ ನಿಂತರು. ಮಾಣಿಕ ಕೂಸನ್ನು ಎದೆಗೆ ಒತ್ತಿಕೊಂಡು, ಒದ್ದೆ ನೆಲದ ತುದಿಯ ತನಕ ನಡೆದು, ಅಲ್ಲೇ ಅವರಿಗೆ ಅಡ್ಡವಾಗಿ ನಿಂತ.