ನಿಧಾನವಾಗಬೇಕಿದ್ದ ಕೆಸರು

ಗಣಿಯ ಕೆಸರುಕಟ್ಟೆ ಒಡೆದಾಗ ನನ್ನ ತಂಗಿ ಎವರಿಸ್ತಾ ಕಟ್ಟೆಯ ಕೆಳಗೆ, ಬಿಸಾಡಿದ ಕಲ್ಲಿನ ಗುಡ್ಡೆಯಲ್ಲಿ ತವರದ ಚೂರು ಆರಿಸುತ್ತಿದ್ದಳು. ತಲೆ ಎತ್ತಿದಳು, ಅಷ್ಟೇ. ಜೊತೆಯಲ್ಲಿದ್ದ ಹೆಂಗಸರೂ ಹೋದರು.

"ಓಡಲು ಬೇಕಾದಷ್ಟು ಸಮಯವಿತ್ತು" ಎಂದಿತು ಕಂಪನಿ. ತನಿಖೆಯವರಿಗೆ ತೋರಿಸಲು ಕಂಪ್ಯೂಟರಿನಲ್ಲಿ ಆ ಘಟನೆಯ ಅನಿಮೇಷನ್ ಮಾಡಿಸಿತು. ಆ ಕೆಲಸವನ್ನು ಕೊಟ್ಟಿದ್ದು ಅನಿಮೇಷನ್ ಕಲಿತಿದ್ದ ನನ್ನ ಮಗಳು ನೆಲ್ವಾಳಿಗೇ. ಸತ್ತವರ ಮನೆಯವಳೇ ಮಾಡಿದ್ದೆಂದರೆ ಜನ ನಂಬುತ್ತಾರಲ್ಲ. ಅವಳು ಗಣಿಯ ಗೇಟಿನ ಕ್ಯಾಮೆರಾದಲ್ಲಿ ದಾಖಲಾದದ್ದನ್ನು ನೋಡಿ, ಕೆಸರು ಬಂದ ವೇಗದಲ್ಲೇ ಎಲ್ಲವನ್ನೂ ಮಾಡಿದಳು.

ಒಂದು ಮಧ್ಯಾಹ್ನ ಕಂಪನಿಯ ಇಂಜಿನಿಯರ್ ಉರ್ಕೀದಿ ಮನೆಗೇ ಬಂದರು. ನಾನು ಒಣಗಿಸಿದ ಆಲೂಗಡ್ಡೆ ನೆನೆಹಾಕುತ್ತಿದ್ದೆ.

"ಚೆನ್ನಾಗಿ ಮಾಡಿದ್ದೀಯಮ್ಮಾ. ಒಂದೇ ಮಾತು. ಸೆಕೆಂಡಿಗೆ ಅರವತ್ತು ಫ್ರೇಮಿನ ಹಾಗೆ ರೆಂಡರ್ ಮಾಡ್ಕೊಡು."

"ನಿಮ್ಮ ಎಡಿಟಿಂಗ್ ಮೂವತ್ತರಲ್ಲಲ್ವಾ ಸರ್?"

"ಹೌದು. ಒಂದನ್ನೂ ಬಿಡದೆ ಸಾಲಾಗಿ ಜೋಡಿಸ್ತಾರೆ. ನುಣ್ಣಗೆ ಕಾಣುತ್ತೆ."

ಅವರು ನಕ್ಕು ನನ್ನ ಕಡೆ ತಿರುಗಿದರು.

"ದೋನ್ಯಾ ಸಬಾಸ್ತಾ, ನಿಮ್ಮ ಮಗ ಕೆಳಗಿನ ಸುರಂಗದಲ್ಲೇ ಇದ್ದಾನೆ ತಾನೆ? ಅಲ್ಲಿ ಗಾಳಿ ಕಮ್ಮಿ, ಪಾಪ. ಅವನ ಮೇಲೆ ನಾನೊಂದು ಕಣ್ಣಿಟ್ಟಿರ್ತೀನಿ ಬಿಡಿ."

ಅವರು ಹೋದ ಮೇಲೆ ಕೇಳಿದೆ, "ಅರವತ್ತು ಅಂದ್ರೇನೇ?"

"ಒಂದು ಸೆಕೆಂಡಿನ ಕೆಸರಿಗೆ ಅರವತ್ತು ಚಿತ್ರ. ಅದನ್ನ ಸೆಕೆಂಡಿಗೆ ಮೂವತ್ತರಂತೆ ಓಡಿಸಿದ್ರೆ ಎರಡು ಸೆಕೆಂಡಾಗುತ್ತಮ್ಮ. ಕೆಸರು ಅರ್ಧ ವೇಗದಲ್ಲಿ ಬರುತ್ತೆ. ಚಿಕ್ಕಮ್ಮ ಸುಮ್ನೆ ನೋಡ್ಕೊಂಡು ನಿಂತಂಗೆ ಕಾಣ್ತಾಳೆ."

"ನಿನ್ನ ತಮ್ಮ..."

"ಗೊತ್ತಮ್ಮ. ಅದನ್ನೇ ಯೋಚಿಸ್ತಿದೀನಿ."

ಹಾಗೆ ಮಾಡು, ಹೀಗೆ ಮಾಡು ಎನ್ನಲು ನನಗೆ ಬಾಯಿ ಬರಲಿಲ್ಲ. ಒಬ್ಬ ಈ ಹೊಟ್ಟೆಯಲ್ಲಿ ಹುಟ್ಟಿದವನು, ಒಬ್ಬಳು ನನ್ನ ಬೆನ್ನಿಗೆ ಹುಟ್ಟಿದವಳು. ತಟ್ಟೆಗೆ ಆಲೂಗಡ್ಡೆ, ಚೀಸು ಹಾಕಿ ಅವಳ ಮುಂದಿಟ್ಟೆ. ಅವಳು ತಿಂದಳು. ಕೈ ಒರೆಸಿಕೊಂಡು ಕಂಪ್ಯೂಟರಿನಲ್ಲಿ ಮೂವತ್ತನ್ನೇ ಒತ್ತಿದಳು.

ವಿಚಾರಣೆಯ ದಿನ ಬೆಳಿಗ್ಗೆ, ಹೊರಡುವ ಗಡಿಬಿಡಿಯಲ್ಲಿ ಒಯ್ದುಕೊಟ್ಟಳು. ಕಂಪನಿಯವರು ಅವಸರದಲ್ಲಿ ಮೂವತ್ತರಂತೆ ಜೋಡಿಸಿಕೊಂಡರು, ಓಡಿಸಿ ನೋಡಲು ಪುರುಸೊತ್ತಾಗಲಿಲ್ಲ.

ಗಣಿ ಸಂಘದ ಸಭಾಂಗಣ ತುಂಬಿತ್ತು. ತನಿಖೆಯವರು ಮುಂದಿನ ಸಾಲಿನಲ್ಲಿ ಕೂತಿದ್ದರು. "ಎಷ್ಟು ಸಮಯವಿತ್ತು, ನೀವೇ ನೋಡಿ" ಎಂದು ಉರ್ಕೀದಿ ದೀಪ ಆರಿಸಿದರು.

ಹೆಂಗಸರು ಬಗ್ಗಿ ಕಲ್ಲು ಆರಿಸುತ್ತಿದ್ದರು. ಒಬ್ಬಳು ತಲೆ ಎತ್ತಿದಳು. ಪರದೆಯೆಲ್ಲ ಕೆಸರು.

ಉಸಿರೆಳೆದುಕೊಳ್ಳುವಷ್ಟರಲ್ಲಿ ಮುಗಿದಿತ್ತು. ಉರ್ಕೀದಿ ಪ್ರೊಜೆಕ್ಟರಿನ ತಂತಿ ಕಿತ್ತರು. ಯಾರೂ ಅಳಲಿಲ್ಲ. ಕತ್ತಲಲ್ಲಿ ಫೆಲಿಪಾಳ ದನಿ ಕೇಳಿತು. ಆ ಕೆಸರಿನಲ್ಲಿ ಅವಳ ಸೊಸೆ ಹೋಗಿದ್ದಳು.

"ಸಾಹೇಬ್ರೇ, ಇನ್ನೊಂದ್ಸಲ ಹಾಕಿ."

"ಮಷೀನು ಕೆಟ್ಟಿದೆ. ಎಲ್ಲಾ ಹೊರಡಿ."

"ರಿಪೇರಿ ಮಾಡ್ಸಿ, ಕಾಯ್ತೀವಿ. ಬೇಕಾದಷ್ಟು ಟೈಮಿತ್ತು ಅಂತ ನೀವೇ ಅಂದ್ರಲ್ಲ, ಈಗೇನವಸರ?"

ಯಾರೋ ನಕ್ಕರು. ಆ ನಗು ಸಾಲಿನಿಂದ ಸಾಲಿಗೆ ಹರಿದು ಬಂತು. ಹೊರಗೆ ಕಂಪನಿಯ ಕಾವಲಿನವರ ಜೀಪುಗಳು ಬಂದು ನಿಂತವು. ಫೆಲಿಪಾ ಎದ್ದು ಹೋಗಿ ಬಾಗಿಲಿಗೆ ಅಡ್ಡವಾಗಿ ಲಂಗ ಹರಡಿ ಕೂತಳು. ಪಕ್ಕದಲ್ಲಿ ನೆಲ್ವಾ ಕೂತಳು. ನಾನು ಅವಳಿಗೆ ಒತ್ತಿಕೊಂಡು ಕೂತೆ.