ಸರಾಗವಾಗಿ ಓದುತ್ತಾಳೆ

ನಮ್ಮ ಶಾಲೆಯ ಐದನೇ ತರಗತಿಯಲ್ಲಿ ಓದಲು ಬಾರದ ಮಗು ಒಂದೂ ಇಲ್ಲ. ಹಾಗಂತ ಕಾಗದ ಹೇಳುತ್ತದೆ, ಆ ಕಾಗದಕ್ಕೆ ಸಹಿ ಹಾಕಿದವಳು ನಾನು. ತಪಾಸಣೆಗೆ ಬರುವ ಸಾಹೇಬರು ಪ್ರತಿ ವರ್ಷ ಏಳನೇ ಪಾಠವನ್ನೇ ಓದಿಸುತ್ತಾರೆ. ನಾವು ಮೂರು ವಾರ ಅದೊಂದನ್ನೇ ಮಕ್ಕಳ ಬಾಯಿಗೆ ತುರುಕುತ್ತೇವೆ. ಯಾವ ಪದ ಬಂದಾಗ ಹಾಳೆ ತಿರುವಬೇಕು ಎಂಬುದನ್ನೂ ಕಲಿಸುತ್ತೇವೆ. ಮಕ್ಕಳಿಗೆ ಓದು ಯಾಕೆ ಬಂದಿಲ್ಲ ಎಂದು ಕೇಳಿದರೆ ನಾಲ್ಕನೇ ತರಗತಿಯ ಟೀಚರು ಮೂರನೆಯವರ ಕಡೆ ಬೆರಳು ತೋರಿಸುತ್ತಾರೆ, ಮೂರನೆಯವರು ಮನೆಯವರ ಕಡೆ. ನಾನು ಯಾರನ್ನೂ ದೂರದೆ ತೆಪ್ಪಗೆ ಸಹಿ ಹಾಕುತ್ತಿದ್ದೆ. ಅದೇ ದೊಡ್ಡ ಗುಣ ಅಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು!

ಸೋಮವಾರ ನನ್ನ ತರಗತಿಯ ಪುಟ್ಟಿಯ ಅಮ್ಮ ಮಗಳನ್ನು ರಟ್ಟೆ ಹಿಡಿದು ಎಳೆದುಕೊಂಡು ಹೆಡ್‌ಮಾಸ್ಟರ ಕೋಣೆಗೆ ಬಂದಳು. ನನಗೂ ಕರೆ ಬಂತು. ಹೋದ ವಾರ ಅವಳ ಅತ್ತೆ, ಪುಟ್ಟಿಯ ಅಜ್ಜಿ, ತೀರಿಕೊಂಡಿದ್ದರು. ಕೀಲುನೋವಿನ ಮಾತ್ರೆಯ ಕವರಿನ ಮೇಲೆ ಅಂಗಡಿಯವನು ‘ವಾರಕ್ಕೆ ಒಂದು’ ಎಂದು ಬರೆದಿದ್ದ. ಪುಟ್ಟಿ ಅದನ್ನು ನೋಡಿ ದಿನಕ್ಕೊಂದು ಎಂದಿದ್ದಳು. ಎರಡು ವಾರ ದಿನವೂ ತಾನೇ ಅಜ್ಜಿಗೆ ಮಾತ್ರೆ, ನೀರು ಕೊಟ್ಟಿದ್ದಳು. ದಿನವೂ ನುಂಗಿದರೆ ಆ ಮಾತ್ರೆಯೇ ವಿಷ.

“ಈಗ ಓದೋಕೇ ಬರಲ್ಲ ಅಂತ ನಾಟಕ ಆಡ್ತಾಳೆ, ಟೀಚರ್. ಸರಾಗವಾಗಿ ಓದ್ತಾಳೆ ಅಂತ ನೀವೇ ಅಂಕಪಟ್ಟಿ ನೋಡಿ ಹೇಳಿದ್ರಲ್ಲ? ಅಜ್ಜಿ ಬೈತಿದ್ರು ಅಂತ ಬೇಕಂತಲೇ ಮಾಡಿದ್ದಾಳೆ. ಇವಳಪ್ಪ ಇವಳ ಮುಖ ನೋಡ್ತಿಲ್ಲ, ಎಲ್ಲಾದ್ರೂ ಬಿಟ್ಟು ಬಾ ಅಂತಾರೆ.”

ಪುಟ್ಟಿ ತಲೆ ಎತ್ತಲಿಲ್ಲ. ಕೆನ್ನೆಯ ಮೇಲೆ ಬೆರಳಿನ ಗುರುತಿತ್ತು. ಹತ್ತು ವರ್ಷದ ಹುಡುಗಿ ನನ್ನ ಸುಳ್ಳನ್ನು ಹೊತ್ತು ನಿಂತಿದ್ದಳು.

ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು. “ಯೋಚನೆ ಮಾಡಿ ಮಾತಾಡಿ ಮೇಡಂ. ಎಲ್ಲರ ತಲೆಗೂ ಬರುತ್ತೆ.”

“ಬರಲಿ ಸರ್,” ಎಂದೆ. ಆಮೇಲೆ ಪುಟ್ಟಿಯ ಅಮ್ಮನ ಕಡೆ ತಿರುಗಿದೆ. “ಇವಳು ನಿಜಾನೇ ಹೇಳ್ತಿದ್ದಾಳೆ. ಇವಳಿಗೆ ಓದೋಕೆ ಬರಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಬರೆದೆ.”

ಅವಳು ನನ್ನನ್ನೇ ನೋಡಿದಳು.

“ಗೊತ್ತಿತ್ತಾ?” ಎಂದಳು. ಮಗಳ ರಟ್ಟೆ ಹಿಡಿದಿದ್ದ ಕೈ ಸಡಿಲವಾಯಿತು. “ನನ್ನ ಮಗಳಿಗೆ ಹೊಡೆದ್ನಲ್ಲ ಟೀಚರ್.”

ಏನಾದರೂ ಮಾಡಬೇಕಲ್ಲ, ನಾನು ಕಾಗದ ಎಳೆದುಕೊಂಡೆ. “ತಪ್ಪು ನನ್ನದೇ ಅಂತ ಬರೆದು ಸಹಿ ಹಾಕ್ತೀನಿ. ಇವಳಪ್ಪನಿಗೆ ತೋರಿಸಿ.”

ಅವಳು ಕಾಗದವನ್ನು ನೋಡಿದಳು, ನನ್ನ ಪೆನ್ನನ್ನು ನೋಡಿದಳು.

“ಯಾರು ಓದ್ತಾರೆ ಟೀಚರ್? ನಮ್ಮ ಮನೇಲಿ ಓದು ಬರೋದು ಇವಳೊಬ್ಬಳಿಗೇ ಅಂತ ನಂಬಿದ್ವಿ.”